ಭೋಸರಿ, ಚಾಕಣದ ಮಶೀನ್ ಶಾಪ್‌ಗೆ ಕ್ಯೂಸಿಸಿ ಪ್ಯಾಕೇಜ್: ಕೆಲಸ ಚೊಕ್ಕ, ಡಿಫಾಲ್ಟ್ ಮಾತ್ರ ನಂಬಬೇಡಿ

ಪುಣೆಯ ಭೋಸರಿ, ಚಾಕಣ ಕಡೆ ಕ್ವಾಲಿಟಿ ವಿಭಾಗದಲ್ಲಿರುವ ನಮ್ಮ ಬೆಳಗಾವಿ, ವಿಜಯಪುರದವರು ಸಾಮಾನ್ಯವಾಗಿ ಬಳಸುವುದು ಎಕ್ಸೆಲ್‌ನ ಎಕ್ಸ್-ಬಾರ್ (ಪ್ರತಿ ಗುಂಪಿನ ಸರಾಸರಿಯನ್ನು ಬಿಂದುವಾಗಿ ತೋರಿಸುವ ಚಾರ್ಟ್) ಟೆಂಪ್ಲೇಟ್. ಆಡಿಟ್‌ಗೆ ತೋರಿಸಲು ಅದು ಸಾಕು. ಬೋರ್ ವ್ಯಾಸದ ಸರಾಸರಿ ಮೂರು ಮೈಕ್ರಾನ್ ಸರಿದರೆ ಬೇಗ ಹಿಡಿಯಲು ಸಾಲದು. ಆ ಕೆಲಸಕ್ಕೆ ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಉಚಿತ ಪ್ಯಾಕೇಜ್ ಕ್ಯೂಸಿಸಿ (qcc) ನಿಜಕ್ಕೂ ಒಳ್ಳೆಯ ಸಾಧನ. ಇಲ್ಲಿ ಹೇಳುತ್ತಿರುವುದು 2.7 ಆವೃತ್ತಿಯ ಬಗ್ಗೆ.

ಲೆಕ್ಕ ಹಾಕಿ ನೋಡಿ. ಪ್ರಕ್ರಿಯೆಯ ಸಿಗ್ಮಾ (ಬಿಡಿ ಪೀಸ್‌ಗಳ ಅಳತೆಯ ಹರಡಿಕೆ) 6 ಮೈಕ್ರಾನ್, ಗಂಟೆಗೊಮ್ಮೆ ಸಾಲಾಗಿ ಬಂದ 5 ಪೀಸ್‌ಗಳ ಗುಂಪು. ಗುಂಪಿನ ಸರಾಸರಿಯ ಹರಡಿಕೆ, ಅಂದರೆ ಸ್ಟ್ಯಾಂಡರ್ಡ್ ಎರರ್, 2.68 ಮೈಕ್ರಾನ್; ಅದರ ಮೂರು ಪಟ್ಟಿನ ಮಿತಿಗಳು ಮಧ್ಯರೇಖೆಯ ಎರಡೂ ಕಡೆ ಸುಮಾರು 8. ಸರಾಸರಿ 3 ಮೈಕ್ರಾನ್ ಮೇಲಕ್ಕೆ ಸರಿದರೆ ಎಕ್ಸ್-ಬಾರ್ ಚಾರ್ಟ್‌ನಲ್ಲಿ ಒಂದು ಬಿಂದು ಮಿತಿ ದಾಟಲು ಸರಾಸರಿ 33 ಗುಂಪು ಬೇಕು, ಅಂದರೆ ನಾಲ್ಕು ಪಾಳಿಗೂ ಹೆಚ್ಚು. ಅದೇ ಡೇಟಾವನ್ನು ಕ್ಯೂಸಿಸಿಯ ಕ್ಯೂಸಮ್‌ಗೆ (ಮಧ್ಯರೇಖೆಯಿಂದಾದ ವ್ಯತ್ಯಾಸಗಳನ್ನು ಕೂಡಿಸುತ್ತಾ ಹೋಗುವ ಚಾರ್ಟ್‌ಗೆ) ಕೊಟ್ಟರೆ ಸುಮಾರು 9 ಗುಂಪಿನಲ್ಲಿ ಎಚ್ಚರಿಕೆ ಬರುತ್ತದೆ. ಇಷ್ಟು ಬೇಗ ಹಿಡಿದರೂ ಸುಳ್ಳು ಎಚ್ಚರಿಕೆ ಹೆಚ್ಚುವುದಿಲ್ಲ: ಎಕ್ಸ್-ಬಾರ್‌ನಲ್ಲಿ 370 ಗುಂಪಿಗೊಂದು, ಕ್ಯೂಸಮ್‌ನಲ್ಲಿ 465ಕ್ಕೊಂದು. ನಾಲ್ಕು ಪಾಳಿಯ ಮಾಲು ಸಾರ್ಟಿಂಗ್‌ಗೆ ಹೋಗುವುದು ಎಂದರೇನೆಂದು ಶಾಪ್‌ನವರಿಗೆ ಬಿಡಿಸಿ ಹೇಳಬೇಕಿಲ್ಲ.

ಕ್ಯೂಸಮ್‌ನ ಡಿಫಾಲ್ಟ್ ಡಿಸಿಷನ್ ಇಂಟರ್ವಲ್ (ಕೂಡಿದ ಮೊತ್ತ ದಾಟಿದರೆ ಎಚ್ಚರಿಕೆ ಕೊಡುವ ಗಡಿ) 5, ಎಸ್‌ಇ.ಶಿಫ್ಟ್ (ಹಿಡಿಯಬೇಕಾದ ಸರಿತದ ಪ್ರಮಾಣ) 1. ಎಡವುವುದು ಇಲ್ಲೇ. ಈ 1 ಎಂಬುದು ಸ್ಟ್ಯಾಂಡರ್ಡ್ ಎರರ್‌ನಲ್ಲಿ, ಬಿಡಿ ಪೀಸ್‌ನ ಸಿಗ್ಮಾದಲ್ಲಲ್ಲ. 5ರ ಗುಂಪಿಗೆ ಅದು 0.45 ಸಿಗ್ಮಾ ಮಾತ್ರ. ಪೂರ್ತಿ ಒಂದು ಸಿಗ್ಮಾ ಸರಿದಾಗ ಮಾತ್ರ ಕೂಗಬೇಕೆಂದಿದ್ದರೆ 2.24 ಕೊಡಿ, ಡಿಸಿಷನ್ ಇಂಟರ್ವಲ್ ಅನ್ನೂ ಅದಕ್ಕೆ ತಕ್ಕಂತೆ ಇಳಿಸಿ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಸೆಂಟರ್ (ಮಧ್ಯರೇಖೆಯ ಬೆಲೆ) ಕೊಡದೆ ತಿಂಗಳ ಡೇಟಾ ಪೂರ್ತಿ ಸುರಿದರೆ ಪ್ಯಾಕೇಜ್ ಅದರದೇ ಸರಾಸರಿಯನ್ನು ಮಧ್ಯರೇಖೆ ಮಾಡಿಕೊಳ್ಳುತ್ತದೆ. ಸರಿದ ಭಾಗವೂ ಅದರಲ್ಲಿ ಸೇರುವುದರಿಂದ ತಿಂಗಳ ಮೊದಲ ಭಾಗದ ಒಳ್ಳೆಯ ಪೀಸ್‌ಗಳೇ ಕೆಳಗೆ ಬಿದ್ದಂತೆ ಕಾಣುತ್ತವೆ. ಸ್ಥಿರವಾಗಿದ್ದ 25 ಗುಂಪುಗಳಿಂದ ಮಿತಿ ಕಟ್ಟಿ, ಮುಂದಿನ ಗುಂಪುಗಳನ್ನು ಕಮಾಂಡ್‌ನಲ್ಲಿ ನ್ಯೂಡೇಟಾ (newdata) ಎಂದು ಕೊಡಿ. ಜೊತೆಗೇ ಬರುವ ಪಿಸ್ಟನ್‌ರಿಂಗ್ಸ್ ಡೇಟಾ ಇದನ್ನು ಕಲಿಯಲು ಸೊಗಸಾದ ಪಾಠ: ಮೊದಲ 25 ಗುಂಪು ಶಾಂತ, ಆಮೇಲಿನ 15ರಲ್ಲಿ 37, 38, 39ನೆಯವು ಮೇಲಿನ ಮಿತಿ ದಾಟಿ ಕೆಂಪಾಗುತ್ತವೆ.

ಎಕ್ಸ್-ಬಾರ್‌ನಲ್ಲಿ ಕಿತ್ತಳೆ ಬಣ್ಣದ ಬಿಂದು ಕಂಡರೆ ಅದು ಮಧ್ಯರೇಖೆಯ ಒಂದೇ ಕಡೆ ಸತತ ಏಳು ಬಿದ್ದದ್ದರ ಗುರುತು. ಏನೂ ಕೆಡದ ಪ್ರಕ್ರಿಯೆಯಲ್ಲೂ ಇದು ಸರಾಸರಿ 127 ಬಿಂದುಗಳಿಗೊಮ್ಮೆ ಬರುತ್ತದೆ. ಕಿತ್ತಳೆ ಕಂಡ ಕೂಡಲೇ ಆಪರೇಟರ್ ಮಶೀನ್‌ನ ಆಫ್‌ಸೆಟ್ (ಟೂಲ್‌ನ ಸ್ಥಾನ ಸರಿಹೊಂದಿಸುವ ಸೆಟ್ಟಿಂಗ್) ಮುಟ್ಟಿದರೆ ಅಳತೆಗಳ ಹರಡಿಕೆ ಹೆಚ್ಚುತ್ತದೆ. ಮೊದಲು ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುದಿ), ಕ್ಲ್ಯಾಂಪಿಂಗ್, ಗೇಜ್‌ನ ಝೀರೋ ನೋಡಲಿ.

ಇಡಬ್ಲ್ಯೂಎಂಎ (EWMA, ಹೊಸ ಗುಂಪಿಗೆ ಹೆಚ್ಚು ತೂಕ ಕೊಡುವ ಸರಾಸರಿಯ ಚಾರ್ಟ್) ಕೂಡ ಇದೆ, ಆ ತೂಕವಾದ ಲ್ಯಾಂಬ್ಡಾ ಡಿಫಾಲ್ಟ್ ಆಗಿ 0.2. ಸಣ್ಣ ಸರಿತಕ್ಕೆ ಕ್ಯೂಸಮ್‌ನಷ್ಟೇ ಚುರುಕು, ಆಪರೇಟರ್‌ಗೆ ವಿವರಿಸುವುದು ಸುಲಭ.

ಕೊರತೆಗಳೂ ಇವೆ. ಎಚ್ಚರಿಕೆ ಬಂದ ಮೇಲೆ ಕ್ಯೂಸಮ್ ತಾನಾಗಿ ಸೊನ್ನೆಗೆ ಮರಳುವುದಿಲ್ಲ. ಸೆಟ್ಟಿಂಗ್ ಸರಿಪಡಿಸಿದ ನಂತರದ ಡೇಟಾದಿಂದ ಹೊಸದಾಗಿ ಶುರು ಮಾಡಬೇಕು, ಆಗ ಹೆಡ್.ಸ್ಟಾರ್ಟ್‌ಗೆ (ಮೊತ್ತ ಶುರುವಾಗುವ ಬೆಲೆಗೆ) ಸೊನ್ನೆಯ ಬದಲು 2.5 ಕೊಟ್ಟರೆ ಅರೆಬರೆ ಸರಿಪಡಿಸಿದ್ದು ಬೇಗ ಸಿಕ್ಕಿಬೀಳುತ್ತದೆ. ಗೇಜ್‌ನಿಂದ ನೇರವಾಗಿ ಡೇಟಾ ಎಳೆದುಕೊಳ್ಳುವ ವ್ಯವಸ್ಥೆ ಇಲ್ಲ. ಮೆನು ಇಲ್ಲ, ಕಮಾಂಡ್ ಟೈಪ್ ಮಾಡಲೇಬೇಕು. ಎರಡು ಮಶೀನ್‌ಗಳ ಪೀಸ್ ಒಂದೇ ಗುಂಪಿನಲ್ಲಿ ಬೆರೆಸಿದರೂ ತಕರಾರು ಮಾಡುವುದಿಲ್ಲ. ಆಗ ಗುಂಪಿನ ರೇಂಜ್ (ಅತಿ ದೊಡ್ಡ, ಅತಿ ಸಣ್ಣ ಅಳತೆಗಳ ಅಂತರ) ಉಬ್ಬಿ, ಮಿತಿ ಅಗಲವಾಗಿ, ಬಿಂದುಗಳೆಲ್ಲ ಮಧ್ಯರೇಖೆಗೆ ಅಂಟಿಕೊಳ್ಳುತ್ತವೆ. ಅಷ್ಟು ಚೆಂದದ ಚಾರ್ಟ್ ಕಂಡರೆ ಅನುಮಾನಪಡಿ.

ಗುರುವಾರ ಬಂದ್ ಇರುವ ಶಾಪ್‌ಗಳು ಶುಕ್ರವಾರ ಬೆಳಗಿನ ಗುಂಪುಗಳನ್ನು ಮಿತಿಯ ಲೆಕ್ಕಕ್ಕೆ ಸೇರಿಸಬಾರದು. ಸ್ಪಿಂಡಲ್ ಬಿಸಿಯಾಗುವವರೆಗೆ ಅಳತೆ ಸರಿಯುತ್ತಲೇ ಇರುತ್ತದೆ. ವಾರ್ಮ್-ಅಪ್ ಸೈಕಲ್ ಓಡಿಸಿದ ಮೇಲಿನ ಪೀಸ್‌ನಿಂದ ಗುಂಪು ಎಣಿಸಿ.