ಹೊಳೆ ಕಾಣೋ ಫ್ಲ್ಯಾಟಾ, ಶೀಟ್ ಹಾಕಿರೋ ಮಹಡಿ ಮನೆಯಾ?

ಶಿವಮೊಗ್ಗದಲ್ಲಿ ಕೋಟೆ ಕಡೆ ಬಾಡಿಗೆ ಮನೆ ನೋಡ್ತಿರೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಹಳೇ ಮಹಡಿ ಮನೆಗೇ. ತುಂಗಾ ಹೊಳೆ ಕಡೆ ಮುಖ ಮಾಡಿರೋ ಹೊಸ ಅಪಾರ್ಟ್‌ಮೆಂಟಿನ ಮೇಲಿನ ಫ್ಲೋರಲ್ಲಿ ಒಂದು ಮಳೆಗಾಲ ಪೂರ್ತಿ ಕಳೆದು ಆಮೇಲೆ ಇಲ್ಲಿಗೆ ಬಂದಿದ್ದು. ಎರಡೂ ಶಿವಪ್ಪನಾಯಕನ ಅರಮನೆಯಿಂದ ನಡ್ಕೊಂಡು ಹೋಗೋ ದೂರ, ಕೋಟೆ ಆಂಜನೇಯ ದೇವಸ್ಥಾನಾನೂ ಹತ್ರ, ಹಂಗಾಗಿ ಲೊಕೇಶನ್ ವಿಷ್ಯದಲ್ಲಿ ಎರಡೂ ಒಂದೇ.

ಫ್ಲ್ಯಾಟಿನ ವ್ಯೂ ಮಾತ್ರ ಅದ್ಭುತ, ಎರಡು ಮಾತಿಲ್ಲ. ಊರಲ್ಲಿ ಬರೀ ಹನಿ ಬೀಳ್ತಿದ್ರೂ ಶೃಂಗೇರಿ ತೀರ್ಥಹಳ್ಳಿ ಕಡೆ ಜೋರು ಹೊಡೀತು ಅಂದ್ರೆ ಊರಿಗಿಂತ ಮೇಲೆ ತುಂಗೆಗೆ ಕಟ್ಟಿರೋ ಗಾಜನೂರು ಡ್ಯಾಂ ತುಂಬೋಗತ್ತೆ, ಅದು ಹಿಡಿಯೋದೇ 3.24 ಟಿಎಂಸಿ ಅಲ್ವಾ, ಗೇಟ್ ಎತ್ತಿದ್ಮೇಲೆ ಕೆಂಪು ನೀರು ಬಂದು ಹೊಳೇಲಿರೋ ಕೋರ್ಪಲಯ್ಯನ ಮಂಟಪ ಮುಳುಗೋದನ್ನ ಊರೆಲ್ಲ ಸೇತುವೆ ಮೇಲೆ ಛತ್ರಿ ಹಿಡ್ಕೊಂಡು ನೋಡಿದ್ರೆ ನಾವು ಸೋಫಾ ಮೇಲೆ ಕಾಫಿ ಕುಡೀತಾ ನೋಡಿದ್ವಿ.

ಈಗ ಅಸಲಿ ವಿಷ್ಯ. ಬಟ್ಟೆ.

ಬಾಲ್ಕನೀಲಿ ತಂತಿ ಕಟ್ಟಬಾರದು, ಬಟ್ಟೆ ಹಾಕಬಾರದು, ಎಲಿವೇಶನ್ ಹಾಳಾಗತ್ತೆ ಅಂತ ಲಿಫ್ಟ್ ಒಳಗೇ ಕಾಗದ ಅಂಟಿಸಿದ್ರು. ಯುಟಿಲಿಟೀಲಿ ಹಾಕೋಣ ಅಂದ್ರೆ ವಾಷಿಂಗ್ ಮಷೀನ್ ಇಟ್ಟ ಮೇಲೆ ಅಲ್ಲಿ ನಿಲ್ಲೋಕೂ ಜಾಗ ಇಲ್ಲ, ಮೇಲಿಂದ ಎರಚಲು ಬೇರೆ ಹೊಡೆಯತ್ತೆ. ಟೆರೇಸಿಗೆ ಬೀಗ, ತೆಗೆಸಿದ್ರೂ ಪ್ರಯೋಜನ ಇಲ್ಲ, ಟ್ಯಾಂಕು ಸೋಲಾರ್ ಬಿಟ್ರೆ ಬಟಾಬಯಲು. ಕೊನೆಗೆ ಹಾಲಲ್ಲೇ ಸ್ಟ್ಯಾಂಡ್ ಇಟ್ಟು ಇಡೀ ದಿನ ಫ್ಯಾನ್ ಹಾಕಿದ್ವಿ. ಜುಲೈ ತಿಂಗಳಲ್ಲಿ ಜೀನ್ಸ್ ಪ್ಯಾಂಟ್ ಒಣಗೋದು ಅಂದ್ರೇನು ಅಂತ ಮಲೆನಾಡಿನವರಿಗೆ ಹೇಳ್ಬೇಕಾ ಮಾರಾಯ್ರೆ, ಮಕ್ಕಳ ಯೂನಿಫಾರ್ಮ್ ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೇಲೇ ಒಣಗಿಸಿ ಕಳಿಸೋದು, ಮನೆ ತುಂಬ ಮುಗ್ಗಲು ವಾಸನೆ, ಬೀರು ಒಳಗಿದ್ದ ಬೆಲ್ಟಿಗೂ ಬೂಷ್ಟು. ಹೊಳೆ ನೋಡೋಕೆ ಅಂತ ಬಂದ ನೆಂಟರು ನಮ್ಮ ಬನಿಯನ್ನು ಚಡ್ಡಿ ಸರಿಸ್ಕೊಂಡು ಬಾಲ್ಕನಿಗೆ ಹೋಗ್ಬೇಕಿತ್ತು.

ಮೀಟಿಂಗಲ್ಲಿ ಕೇಳಿದ್ದಕ್ಕೆ ಡ್ರೈಯರ್ ತಗೊಳ್ಳಿ ಸರ್ ಅಂದ್ರು. ಎಲ್ಲಿಡೋದು, ದೇವರ ಮನೇಲಾ?

ಈ ಮಹಡಿ ಮನೆ ಟೆರೇಸಿಗೆ ಕಬ್ಬಿಣದ ಪೈಪ್ ನಿಲ್ಲಿಸಿ ಶೀಟ್ ಹೊದಿಸಿದಾರೆ, ನೋಡೋಕೆ ಗೋಡೌನ್ ಥರ ಇದೆ, ಆದ್ರೆ ಈ ಕಡೆಯಿಂದ ಆ ಕಡೆಗೆ ಉದ್ದಕ್ಕೂ ತಂತಿ, ಹೊಳೆ ಗಾಳಿ ನೇರ ಹೊಡೆಯತ್ತೆ. ಅರ್ಜೆಂಟ್ ಇದ್ರೆ ಕೆಳಗಡೆ ಓನರ್ ಅಮ್ಮ ಅಡಿಕೆ ಸಿಪ್ಪೆ ಹಾಕಿ ಹಂಡೆ ಒಲೆ ಉರಿಸ್ತಾರೆ, ಅದರ ಮೇಲಿನ ಗಳದಲ್ಲಿ ಹಾಕಿದ್ರೆ ಬೆಳಿಗ್ಗೆಗೆ ಗರಿಗರಿ. ಸ್ವಲ್ಪ ಹೊಗೆ ವಾಸನೆ ಬರತ್ತೆ, ಇರ್ಲಿ.

ತೊಂದ್ರೆ ಇಲ್ವಾ ಅಂದ್ರೆ ಇದೆ. ಮೆಟ್ಲು ಕಡಿದು, ಸಿಲಿಂಡರ್ ತರೋ ಹುಡುಗ ಬೈಕೊಂಡೇ ಹತ್ತೋದು. ಕಾರು ರಸ್ತೆ ಮೇಲೆ. ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆ ಜಾತ್ರೆ ಬಂದ್ರೆ ಅದೂ ಇಲ್ಲ, ವಿನೋಬನಗರದಲ್ಲಿ ಭಾವನ ಮನೆ ಹತ್ರ ನಿಲ್ಲಿಸ್ಬೇಕು. ಮಳೆ ಜೋರಾದ್ರೆ ಶೀಟಿನ ಸದ್ದಿಗೆ ಫೋನಲ್ಲಿ ಮಾತಾಡೋಕಾಗಲ್ಲ.

ಬಾಡಿಗೆ ಅಲ್ಲಿ 24 ಸಾವಿರ ಪ್ಲಸ್ ಮೇಂಟೆನೆನ್ಸ್, ಇಲ್ಲಿ 11 ಸಾವಿರ, ನೀರಿಗೆ ಬೇರೆ ದುಡ್ಡಿಲ್ಲ. ಮನೇಲಿ ಮಂಡಿ ನೋವಿನ ಹಿರಿಯರಿದ್ರೆ ಕಣ್ಮುಚ್ಚಿ ಲಿಫ್ಟ್ ಇರೋ ಕಡೆ ಹೋಗಿ. ನಮ್ಮನೇಲಿ ಎರಡು ಮಕ್ಕಳು, ದಿನಾ ಒಂದು ಲೋಡ್ ಬಟ್ಟೆ, ಒಂದೇ ಸಂಬಳ.

ಅಂದಹಾಗೆ ಫ್ಲ್ಯಾಟ್ ಬಿಡುವಾಗ ಗೋಡೆಗೆ ಬೂಷ್ಟು ಹಿಡಿಸಿದೀರಿ ಅಂತ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಅಡ್ವಾನ್ಸಲ್ಲಿ ಮುರ್ಕೊಂಡ್ರು. ಬಟ್ಟೆ ಹೊರಗೆ ಹಾಕಬೇಡಿ ಅಂತ ಕಾಗದ ಅಂಟಿಸಿದ ಕಮಿಟೀಲಿ ಆ ಓನರ್ರೂ ಒಬ್ರು.