ಕಾನ್‌ಸ್ಟಿಟ್ಯೂಟ್: ಸಂವಿಧಾನಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವ ತಾಣ

2013ರಲ್ಲಿ ಆರಂಭವಾದ ‘ಕಾನ್‌ಸ್ಟಿಟ್ಯೂಟ್’ ಜಾಲತಾಣವು ಜಗತ್ತಿನ ದೇಶಗಳ ಸಂವಿಧಾನಗಳನ್ನು ಉಚಿತವಾಗಿ ಒದಗಿಸುತ್ತದೆ. ವಿಷಯವೊಂದನ್ನು ಆರಿಸಿ ಎರಡು ಪಠ್ಯಗಳನ್ನು ಅಕ್ಕಪಕ್ಕದಲ್ಲಿ ತೆರೆಯುವ ಸೌಲಭ್ಯವೇ ಇದರ ನಿಜವಾದ ಬಲ. ಹಕ್ಕುಗಳ ಮಿತಿಯನ್ನೇ ನೋಡಿ: ನಮ್ಮ 19ನೇ ವಿಧಿಯು ಸ್ವಾತಂತ್ರ್ಯಗಳ ಮೇಲಿನ ಯುಕ್ತ ನಿರ್ಬಂಧಗಳನ್ನು ಬೇರೆ ಬೇರೆ ಉಪವಿಧಿಗಳಲ್ಲಿ ಹೇಳುವುದೂ, ದಕ್ಷಿಣ ಆಫ್ರಿಕಾದ 1996ರ ಸಂವಿಧಾನದ 36ನೇ ಸೆಕ್ಷನ್ ಒಂದೇ ಸಾಮಾನ್ಯ ಅಳತೆಗೋಲನ್ನಿಟ್ಟು, ನಿರ್ಬಂಧದ ಉದ್ದೇಶವೇನು, ವ್ಯಾಪ್ತಿಯೆಷ್ಟು, ಅದಕ್ಕಿಂತ ಸೌಮ್ಯವಾದ ದಾರಿಯಿತ್ತೇ ಎಂದೆಲ್ಲ ತೂಗಿ ನೋಡಬೇಕೆನ್ನುವುದೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ.

ಆದರೆ ಇಲ್ಲಿರುವುದು ಸಂವಿಧಾನಗಳ ಪಠ್ಯವೇ ಹೊರತು ತೀರ್ಪುಗಳಲ್ಲ. ಭಾರತದ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ. ಜರ್ಮನಿಯ ಸಂವಿಧಾನವಾದ ‘ಮೂಲ ಕಾನೂನು’ 79(3)ನೇ ವಿಧಿಯಲ್ಲಿ ತಿದ್ದುಪಡಿಗೆ ಹಾಕಿರುವ ಗಡಿ ತೆರೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. 1973ರ ಕೇಶವಾನಂದ ಭಾರತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಳೆದ, ತಿದ್ದುಪಡಿಯಿಂದಲೂ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎನ್ನುವ ‘ಮೂಲ ಸಂರಚನೆ’ಯ ಗೆರೆಯಾದರೋ ತಿದ್ದುಪಡಿಯ ಕುರಿತಾದ ನಮ್ಮ 368ನೇ ವಿಧಿಯನ್ನು ಎಷ್ಟು ಓದಿದರೂ ಕಾಣದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ, 2017ರಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿದ ಖಾಸಗಿತನದ ಹಕ್ಕಿನ ಸ್ಥಿತಿಯೂ ಅದೇ. ಅದಕ್ಕೆ ಆಧಾರವಾದ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಯಲ್ಲಿ ಆ ಪದವೇ ಇಲ್ಲ. ಕಾನೂನು ವಿದ್ಯಾರ್ಥಿಗಳು ಇದರ ಜೊತೆಗೆ ಸುಪ್ರೀಂ ಕೋರ್ಟಿನ ಉಚಿತ ತೀರ್ಪು ಸಂಗ್ರಹವಾದ ‘ಇ-ಎಸ್‌ಸಿಆರ್’ ಅನ್ನೂ ತೆರೆದಿಟ್ಟುಕೊಳ್ಳುವುದು ಒಳಿತು.