ಉದ್ಯಮಬಾಗದ ನೀಲಿ ಗೇಟಿನ ಗ್ಯಾರೇಜು: ಮಿಸ್ಸಿಂಗ್ ಹೋಯಿತು, ಫೋನ್ ಮಾತ್ರ ಎತ್ತಲ್ಲ

ಬೆಳಗಾವಿಯಲ್ಲಿ ಪೆಟ್ರೋಲ್ ಗಾಡಿ ಮಿಸ್ಸಿಂಗ್ ಹೊಡೆಯುತ್ತಿದ್ದರೆ, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಇಂಜಿನ್ ನಡುಗುತ್ತಿದ್ದರೆ, ಉದ್ಯಮಬಾಗದ ಈ ಗ್ಯಾರೇಜಿಗೆ ಧೈರ್ಯವಾಗಿ ಹೋಗಿ. ಹೇಳಿದ ಟೈಮಿಗೆ ಗಾಡಿ ಬೇಕು ಅನ್ನುವವರು ಮಾತ್ರ ಬೇಡ. ಬೋರ್ಡ್ ಇಲ್ಲ, ನೀಲಿ ಗೇಟೇ ಗುರುತು. ಸುತ್ತ ಫೌಂಡ್ರಿಗಳು. ಕೂರಲು ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೂ ಯಾವಾಗಲೂ ಯಾವುದೋ ಸ್ಪೇರ್ ಪಾರ್ಟು.

ನಮ್ಮದು ಏಳು ಸೀಟಿನ ಎಸ್‌ಯುವಿ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್. ಯಜಮಾನರಿಗೆ ಬೇರೆ ಊರಲ್ಲಿ ಕೆಲಸ. ಹಾಗಾಗಿ ಮಕ್ಕಳ ಶಾಲೆ, ಅತ್ತೆಯವರ ಆಸ್ಪತ್ರೆ, ಊರಿನ ಮದುವೆ, ಎಲ್ಲಕ್ಕೂ ಗಾಡಿ ಓಡಿಸುವವಳು ನಾನೇ. ತಿಳಕವಾಡಿಯ ಗಲ್ಲಿಗಳಲ್ಲಿ ಅದು ಎಷ್ಟು ಸಾಧು ಅಂದರೆ ಏನೂ ಆಗಿಲ್ಲ ಅನ್ನಿಸುತ್ತಿತ್ತು. ಏರು ಬಂದು ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಾಕು, ಗಡಗಡ ನಡುಕ, ಪಿಕಪ್ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಲೈಟ್ ಮಿಣಮಿಣ. ಆ ಲೈಟ್ ಸುಮ್ನೆ ಉರಿದರೆ ಒಂದು ಲೆಕ್ಕ, ಮಿಣುಕಿದರೆ ಬೇರೆ ಲೆಕ್ಕ. ಮಿಣುಕಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗುತ್ತಿದೆ ಎಂದರ್ಥ. ಅದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೇ ಸುಟ್ಟುಹಾಕಬಹುದು. ಹಾಗಿರುವಾಗ ಕಾಲು ಸಡಿಲಿಸಿ, ಮೆಲ್ಲಗೆ ಓಡಿಸಿ, ಬೇಗ ತೋರಿಸಿ.

ಮೊದಲು ಹೋಗಿದ್ದು ಎಸಿ ಹಾಲ್ ಇರುವ ಒಂದು ದೊಡ್ಡ ವರ್ಕ್‌ಶಾಪಿಗೆ. ಹೆಸರು ಬೇಡ. ನಾಲ್ಕೂ ಪ್ಲಗ್ ಹೊಸದು, ಥ್ರಾಟಲ್ ಬಾಡಿ ಕ್ಲೀನಿಂಗ್, ಇಂಜೆಕ್ಟರ್ ಕ್ಲೀನರ್, ಬಿಲ್ಲೂ ಉದ್ದ. ಕೌಂಟರಿನಲ್ಲಿ ನಿಂತವಳು ನಾನು, ವಿವರ ಹೇಳಲು ಅವರು ಫೋನ್ ಮಾಡಿದ್ದು ಯಜಮಾನರಿಗೆ! ಗಾಡಿ ಕೆಲವು ದಿನ ಚೆನ್ನಾಗಿ ಓಡಿತು. ಆಮೇಲೆ ಮತ್ತೆ ಅದೇ ನಡುಕ.

ನೀಲಿ ಗೇಟಿನ ಮಿಸ್ತ್ರಿ ಕೆಲಸ ಮಾಡುವ ರೀತಿಯೇ ಬೇರೆ. ಬಾನೆಟ್ ಎತ್ತುವ ಮೊದಲು ಪ್ರಶ್ನೆ ಕೇಳಿದರು. "ಮುಂಜಾನಿ ತಣ್ಣಗಿದ್ದಾಗ ಹೊಡೀತದೋ, ಬಿಸಿ ಆದ ಮ್ಯಾಲೋ? ಮಳ್ಯಾಗ ಜಾಸ್ತಿ ಆಗತೈತೇನ್ರಿ ಮೇಡಂ?" ಆಮೇಲೆ ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಸ್ಕ್ಯಾನರ್ ಹಚ್ಚಿದರು. ಬಂದ ಕೋಡ್ ಪಿ0303. ಕೊನೆಯ ಅಂಕಿ ಸಿಲಿಂಡರಿನದು, ಅಂದರೆ ಮೂರನೆಯದು. ಪಿ0300 ಬಂದಿದ್ದರೆ ಒಂದೇ ಸಿಲಿಂಡರ್ ಎಂದು ಹೇಳಲಾಗುತ್ತಿರಲಿಲ್ಲ. ಆಗ ಪೆಟ್ರೋಲ್ ಪಂಪು, ಎಲ್ಲೋ ಸೀಳಿ ಹೊರಗಿನ ಗಾಳಿ ಎಳೆಯುವ ಪೈಪು ಹೀಗೆ ಹುಡುಕುವ ಜಾಗ ದೊಡ್ಡದಾಗುತ್ತದೆ.

ಕೋಡ್ ಸಿಕ್ಕಿದ ಕೂಡಲೇ ಪಾರ್ಟ್ ತರಿಸಲಿಲ್ಲ. ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಸಿಲಿಂಡರಿಗೊಂದು ಇರುತ್ತದೆ; ಮೂರನೇ ಸಿಲಿಂಡರಿನ ಕಾಯಿಲಿಗೆ ಚಾಕ್‌ಪೀಸಿನಿಂದ ಗೀಟು ಹಾಕಿ, ಬಿಚ್ಚಿ ಒಂದನೆಯದಕ್ಕೆ ಕೂರಿಸಿದರು. ಒಂದನೆಯದರ ಕಾಯಿಲ್ ಮೂರಕ್ಕೆ ಬಂತು. ಕೋಡ್ ಅಳಿಸಿ, ನನ್ನನ್ನೂ ಕೂರಿಸಿಕೊಂಡು ಮೂರನೇ ರೈಲ್ವೆ ಗೇಟಿನ ಮೇಲ್ಸೇತುವೆಗೆ ಹೊರಟರು. ದೊಡ್ಡ ಗೇರು, ಕಡಿಮೆ ಸ್ಪೀಡು, ಆಕ್ಸಿಲರೇಟರ್ ಪೂರ್ತಿ. ಯಾಕೆ ಹೀಗೆ ಅಂತ ಕೇಳಿದೆ. ಲೋಡ್ ಬಿದ್ದಾಗ ಸಿಲಿಂಡರಿನೊಳಗೆ ಒತ್ತಡ ಜಾಸ್ತಿ, ಕಿಡಿ ಹಾರಲು ವೋಲ್ಟೇಜೂ ಜಾಸ್ತಿ ಬೇಕು, ಸೋತ ಕಾಯಿಲ್ ಸಿಕ್ಕಿಬೀಳುವುದು ಅಲ್ಲೇ ಅಂದರು. ಏರಿನ ಅರ್ಧಕ್ಕೆ ನಡುಕ ಶುರು. ಸ್ಕ್ಯಾನರಿನಲ್ಲಿ ಈಗ ಪಿ0301. ಕಾಯಿಲ್ ಹೋದಲ್ಲಿಗೇ ರೋಗವೂ ಹೋಯಿತು, ಅಲ್ವಾ? ಕೋಡ್ ಮೂರರಲ್ಲೇ ಉಳಿದಿದ್ದರೆ ಮುಂದೆ ಪ್ಲಗ್, ಇಂಜೆಕ್ಟರ್, ಕೊನೆಗೆ ಕಂಪ್ರೆಶನ್ ನೋಡಬೇಕಿತ್ತಂತೆ.

ಬೇರೆಯವರಾಗಿದ್ದರೆ ಹೊಸ ಕಾಯಿಲ್ ಹಾಕಿ ಕಳಿಸುತ್ತಿದ್ದರು. ಇವರು ಆ ಕಾಯಿಲಿನ ರಬ್ಬರ್ ಬೂಟನ್ನು ನನ್ನ ಕೈಗೇ ಕೊಟ್ಟರು. ಉಬ್ಬಿತ್ತು, ಒತ್ತಿದರೆ ಮೆತ್ತಗೆ, ಬೆರಳಿಗೆಲ್ಲ ಎಣ್ಣೆ. ಇಂಜಿನ್ ಪೂರ್ತಿ ತಣ್ಣಗಾಗುವವರೆಗೆ ಪ್ಲಗ್ ಮುಟ್ಟಲಿಲ್ಲ. ಹೆಡ್ ಅಲ್ಯೂಮಿನಿಯಂ, ಬಿಸಿಯಲ್ಲಿ ಬಿಚ್ಚಿದರೆ ಪ್ಲಗ್ ತಿರುಗಿ ಕೂರುವ ಥ್ರೆಡ್ ಹಾಳಾಗಬಹುದು. ನನಗೆ ಅಷ್ಟು ಹೊತ್ತು ಎದುರಿನ ಟಪರಿಯ ಚಹಾವೇ ಗತಿ. ಕೊನೆಗೆ ಟಾರ್ಚ್ ಬಿಟ್ಟು ತೋರಿಸಿದರು. ಮೂರನೇ ಪ್ಲಗ್ ಕೂರುವ ಗುಂಡಿಯಲ್ಲಿ ಇಂಜಿನ್ ಆಯಿಲ್ ನಿಂತಿತ್ತು. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಉದ್ದಕ್ಕೆ ಕೂದಲೆಳೆಯಷ್ಟು ಕಪ್ಪು ಗೆರೆ. ಕಿಡಿ ತುದಿಯಲ್ಲಿ ಹಾರುವ ಬದಲು ಪಿಂಗಾಣಿಯ ಹೊರಗಿನಿಂದಲೇ ಜಾರಿ ಹೋಗಿದೆ.

"ಪ್ಲಗ್ಗ ಹೊಸಾವ ಅದಾವ್ರಿ. ಎಣ್ಯಾಗ ಕುಂದರಿಸ್ಯಾರ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಸೋರತೈತಿ. ಅದನ್ನ ಬಿಟ್ಟು ಕಾಯಿಲ್ ಅಷ್ಟ ಹಾಕಿದ್ರ ಮತ್ತ ನನ್ನ ಕಡೇನ ಬರ್ತೀರಿ ನೋಡ್ರಿ."

ಟ್ಯಾಪೆಟ್ ಕವರ್ ಅಂದರೆ ಇಂಜಿನ್ನಿನ ಮೇಲಿನ ಮುಚ್ಚಳ, ಅಲ್ಲಿ ಸೋರಿದ ಆಯಿಲ್ಲೇ ಪ್ಲಗ್ ಗುಂಡಿಗೆ ಇಳಿದಿದ್ದು. ಈ ಒಂದು ಮಾತಿಗೆ ನನ್ನ ಪೂರ್ತಿ ಮಾರ್ಕ್ಸ್. ಮೊದಲಿನವರೂ ಅದೇ ಗುಂಡಿಯಿಂದ ಹಳೆ ಪ್ಲಗ್ ತೆಗೆದವರು ತಾನೇ? ಕಣ್ಣಿಗೆ ಬೀಳದೇ ಇರುತ್ತದೆಯೇ?

ಹಾಕಿದ್ದು ಒಂದು ಕಾಯಿಲ್, ಒಂದು ಪ್ಲಗ್, ಟ್ಯಾಪೆಟ್ ಕವರಿನ ಪ್ಯಾಕಿಂಗ್, ಪ್ಲಗ್ ಗುಂಡಿಯ ಸೀಲುಗಳು. ನಾಲ್ಕೂ ಕಾಯಿಲ್ ಬದಲಿಸಿಬಿಡಿ ಅಂತ ನನ್ನ ಮೈದುನ ಫೋನಿನಲ್ಲೇ ಆರ್ಡರ್ ಮಾಡಿದ್ದ. ಮಿಸ್ತ್ರಿ ಒಪ್ಪಲಿಲ್ಲ, ಚಲೋ ಇದ್ದ ಮೂರನ್ನು ಕಸಕ್ಕೆ ಯಾಕೆ ಹಾಕಬೇಕು ಅಂದರು. ಹೊಸ ಪ್ಲಗ್ಗಿನ ಗ್ಯಾಪನ್ನು ಗೇಜಿನಿಂದ ಅಳೆದು, ಟಾರ್ಕ್ ರೆಂಚಿನಿಂದಲೇ ಬಿಗಿ ಮಾಡಿದರು. ಎಲ್ಲ ಸೇರಿ ಆರು ಸಾವಿರದೊಳಗೆ. ಅದರಲ್ಲಿ ಹೆಚ್ಚಿನ ಪಾಲು ಒರಿಜಿನಲ್ ಕಾಯಿಲಿಗೆ. ಹಳೆ ಪಾರ್ಟುಗಳನ್ನು ಕೇಳದೆಯೇ ಚೀಲಕ್ಕೆ ಹಾಕಿ ಕೊಟ್ಟರು.

ಇನ್ನು ಬೈಗುಳ. ಫೋನ್ ಎತ್ತುವುದೇ ಇಲ್ಲ. "ನಾಳೆ" ಅಂದ ಕಾಯಿಲ್ ಬಂದಿದ್ದು ನಾಡಿದ್ದು, ಅದನ್ನು ತಿಳಿಯಲೂ ನಾನೇ ಆಟೋ ಹಿಡಿದು ಹೋಗಬೇಕಾಯಿತು. ಬಿಲ್ ಅಂದರೆ ಹಳೆ ಕ್ಯಾಲೆಂಡರಿನ ಹಿಂಬದಿ. ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ, ಅರ್ಧ ದಿನ ಕಾಯಿಸುವ ಜಾಗದಲ್ಲಿ ಇದು ಸಣ್ಣ ವಿಷಯ ಅಲ್ಲ. ಡೀಸೆಲ್ ಗಾಡಿಯವರಿಗೂ ಇಲ್ಲಿ ಜಾಸ್ತಿ ಉಪಯೋಗ ಇಲ್ಲ. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇರಲ್ಲ, ಅದರ ನಡುಕಕ್ಕೆ ಇಂಜೆಕ್ಟರ್ ಚೆಕ್ ಮಾಡಬೇಕು. ಅಂಥವನ್ನು ಇವರು ಡೀಸೆಲ್ ಪಂಪು, ಇಂಜೆಕ್ಟರ್ ರಿಪೇರಿಯ ಅಂಗಡಿಗೆ ಕಳಿಸುತ್ತಾರೆ. ವಾರಂಟಿ ಇರುವ ಗಾಡಿಯಾದರೆ ಮೊದಲು ಕಂಪನಿಯಲ್ಲೇ ಕೇಳಿ.

ರಿಪೇರಿ ಆದಮೇಲೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಗೋವಾಕ್ಕೆ ಹೋಗಿಬಂದೆವು. ವಾಪಸ್ ಬರುವಾಗ ಚೋರ್ಲಾ ಘಾಟಿನ ಏರು, ಎಸಿ ಆನ್, ಮುಂದೆ ತೆವಳುವ ಲಾರಿ. ಒಂದು ಜರ್ಕ್ ಇಲ್ಲ, ಲೈಟೂ ಬರಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಕಣಕುಂಬಿ ದಾಟುವವರೆಗೆ ಗೊರಕೆ.

ಹೋಗುವವರಿಗೆ ಒಂದು ಮಾತು. ಬ್ಯಾಟರಿ ತಂತಿ ಬಿಚ್ಚಿ ಲೈಟ್ ಆರಿಸಿಕೊಂಡು ಹೋಗಬೇಡಿ. ಮಿಸ್ಸಿಂಗ್ ಹೊಡೆದ ಹೊತ್ತಿನ ಆರ್‌ಪಿಎಂ, ಲೋಡ್, ಇಂಜಿನ್ನಿನ ಬಿಸಿ ಎಲ್ಲ ಕೋಡಿನ ಜೊತೆ ದಾಖಲಾಗಿರುತ್ತದೆ, ತಂತಿ ಬಿಚ್ಚಿದರೆ ಅದೂ ಅಳಿಸಿಹೋಗಬಹುದು. ಹಿಂದಿನ ರಾತ್ರಿಯೇ ಗಾಡಿ ಬಿಟ್ಟು ಬಂದರೆ ಇನ್ನೂ ಒಳ್ಳೆಯದು, ಬೆಳಿಗ್ಗೆ ಇಂಜಿನ್ ತಣ್ಣಗಿರುತ್ತದೆ, ನಿಮ್ಮ ಚಹಾದ ಖರ್ಚೂ ಉಳಿಯುತ್ತದೆ.